ನಾಲ್ಕನೆಯ ಮರಿ

ಆ ಬೂದು ಬೆಕ್ಕು ಹನ್ನೊಂದು ದಿನ ಸತಾಯಿಸಿತು. ಮೀನಿನ ತುಂಡಿನ ಆಸೆಗೆ ಬೋನಿನ ಬಾಗಿಲವರೆಗೆ ಬಂದು ಮೂಸಿ, ನಿನ್ನಂಥವರನ್ನು ಎಷ್ಟು ನೋಡಿಲ್ಲ ಎಂಬಂತೆ ತಿರುಗಿ ಹೋಗುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಬೋನಿನ ಬಾಗಿಲು ಟಪ್ಪೆಂದು ಬಿದ್ದಾಗ, ಎರಡನೆಯ ಮಹಡಿಯ ಹೊಲಿಗೆಯವಳು ಮೆಟ್ಟಿಲ ಮೇಲೇ ಕುಳಿತು ಉಸಿರುಬಿಟ್ಟಳು. ಅಂದು ಗುರುವಾರ. ಬೆಕ್ಕುಗಳಿಗೆ ಆಪರೇಷನ್ ಮಾಡಲು ಡಾಕ್ಟರಮ್ಮ ಬಿಡುವು ಮಾಡಿಕೊಳ್ಳುತ್ತಿದ್ದ ದಿನ ಅದೊಂದೇ.

ಅವಳನ್ನು ಇಡೀ ಕಟ್ಟಡ ‘ಬೆಕ್ಕಮ್ಮ’ ಎಂದು ಕರೆಯುತ್ತಿತ್ತು. ಓಣಿಯ ಬೀದಿಬೆಕ್ಕುಗಳನ್ನು ಹಿಡಿದು, ಮರಿ ಹಾಕದಂತೆ ಆಪರೇಷನ್ ಮಾಡಿಸಿ, ಮತ್ತೆ ಅಲ್ಲೇ ಬಿಡುವ ಕೆಲಸಕ್ಕೆ ಮೂರು ವರ್ಷದಿಂದ ಬಿದ್ದಿದ್ದಳು. ನೆರವಿಗೆ ಯಾರೂ ಇರಲಿಲ್ಲ. ಜಾಗವಂತೂ ಮೊದಲೇ ಇಲ್ಲ. ಇದ್ದದ್ದು ಎರಡು ಕೋಣೆ: ಹೊರಗಿನದರಲ್ಲಿ ಹೊಲಿಗೆ ಮಿಷನ್ನು, ಬಟ್ಟೆಯ ಗಂಟು, ಅವಳ ಹಾಸಿಗೆ, ಒಳಗಿನದರಲ್ಲಿ ಅತ್ತೆಯ ಮಂಚ. ಗಂಡ ತೀರಿಕೊಂಡ ಮೇಲೂ ಅತ್ತೆ ಸೊಸೆ ಒಂದೇ ಒಲೆಯಲ್ಲಿದ್ದರು. ಹೊಟ್ಟೆಯಲ್ಲಿ ಹೊಲಿಗೆ ಬಿದ್ದ ಬೆಕ್ಕುಗಳು ಒಂದು ದಿನ ಬಚ್ಚಲುಮನೆಯಲ್ಲಿ ಇರಬೇಕಾಗುತ್ತಿತ್ತು.

“ಈ ಮನೇಲಿ ಬೆಕ್ಕಿಗೆ ಬಾಣಂತಿ ಕೋಣೆ ಇದೆ, ಮುದುಕಿಗೆ ಸ್ನಾನಕ್ಕೆ ಮೂಲೆ ಇಲ್ಲ,” ಎಂದು ಅತ್ತೆ ಗೋಡೆಯ ಜೊತೆ ಮಾತಾಡುತ್ತಿದ್ದರು. ಸೊಸೆಯ ಜೊತೆ ಮಾತು ಬಿಟ್ಟು ಆಗಲೇ ಎರಡು ದಿನವಾಗಿತ್ತು.

ಹನ್ನೊಂದು ಗಂಟೆಗೆ ಆಸ್ಪತ್ರೆಯ ಆಪರೇಷನ್ ಕೋಣೆಯಿಂದ ಡಾಕ್ಟರಮ್ಮ ಕೈಗವಸಿನಲ್ಲೇ ಹೊರಗೆ ಬಂದರು. ಮುಖ ಸರಿಯಿರಲಿಲ್ಲ.

“ಮತ್ತಿನ ಇಂಜೆಕ್ಷನ್ ಕೊಟ್ಟು ಹೊಟ್ಟೆಯ ಕೂದಲು ತೆಗೆಯೋಕೆ ಹೊರಟಾಗ ನೋಡಿದೆ. ಇವಳು ಹಾಲೂಡಿಸ್ತಿದ್ದಾಳೆ. ನಾಲ್ಕು ಮೊಲೆ ಸುತ್ತ ಕೂದಲು ಸವೆದಿದೆ, ಅಂದ್ರೆ ನಾಲ್ಕು ಮರಿ ಇರ್ಬೇಕು. ಮರಿಗಳು ಎಲ್ಲಿವೆ?”

ಬೆಕ್ಕಮ್ಮ ಬೆಂಚಿನಿಂದ ಎದ್ದಳು. “ಇವಳು ಹತ್ರ ಬಿಟ್ಟುಕೊಂಡ್ರೆ ತಾನೆ ಡಾಕ್ಟ್ರೇ, ಹೊಟ್ಟೆ ನೋಡೋದು?”

“ಈಗ ನಿಲ್ಲಿಸೋದು ಬೇಡ, ಮುಗಿಸ್ತೀನಿ. ಆಪರೇಷನ್ ಆದ್ರೂ ಹಾಲು ನಿಲ್ಲಲ್ಲ. ಸಂಜೆಯೊಳಗೆ ಮರಿಗಳು ಇವಳ ಮಡಿಲಿಗೆ ಬಂದ್ರೆ ಸಾಕು. ಹೋಗಿ, ಹುಡುಕಿ.”

ಎಲ್ಲಿ ಹುಡುಕಬೇಕೆಂದು ಯೋಚಿಸುವುದೇ ಬೇಕಾಗಲಿಲ್ಲ. ಬೂದು ಬೆಕ್ಕು ದಿನಾ ನುಸುಳುತ್ತಿದ್ದದ್ದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಗೆ. ಬೋನು ಹಿಡಿದು ಹೊರಡುವಾಗ ಅದೇ ಸಂದಿಯ ಮುಂದೆ ಇಟ್ಟಿಗೆ, ಸಿಮೆಂಟಿನ ಚೀಲ ನೋಡಿದ್ದಳು. ಬೆಕ್ಕುಗಳ ಕಾಟ ತಪ್ಪಲಿ ಎಂದು ಕಟ್ಟಡದ ಸೆಕ್ರೆಟರಿ ಅದನ್ನು ಮುಚ್ಚಿಸುತ್ತಿದ್ದರು.

ಮನೆಗೆ ಫೋನ್ ಮಾಡಿದಳು. “ಅತ್ತೆ, ಬೈಯೋದನ್ನ ಆಮೇಲೆ ಬೈಯಿರಿ. ಕೆಳಗಡೆ ಮೇಸ್ತ್ರಿ ಗೋಡೆ ಕಟ್ತಿದ್ದಾರೆ, ನಿಲ್ಲಿಸೋಕೆ ಹೇಳಿ. ಒಳಗೆ ಮರಿಗಳಿವೆ.”

ಆ ಕಡೆಯಿಂದ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತುವವರಿಲ್ಲ.

ಬಸ್ಸು ಮಾರುಕಟ್ಟೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಅವಳು ಅಲ್ಲೇ ಇಳಿದು ಓಡಿದಳು.

ಮೆಟ್ಟಿಲ ಬಳಿ ತಲುಪಿದಾಗ ಗೋಡೆ ಮುಗಿದಿತ್ತು. ಮೇಸ್ತ್ರಿ ಕರಣೆ ತೊಳೆಯುತ್ತಿದ್ದ. ಗೋಡೆಯ ಮುಂದೆ, ಬೋರಲು ಹಾಕಿದ ಬಾಣಲೆಯ ಮೇಲೆ, ಅತ್ತೆ ಕುಳಿತಿದ್ದರು. ಕೈಯಲ್ಲಿ ಚೊಂಬು.

“ಈ ಮಂಡಿ ಎಳ್ಕೊಂಡು ಇಳಿಯೋಷ್ಟರಲ್ಲಿ ಇವರು ಮುಗಿಸಿಬಿಟ್ಟಿದ್ರು,” ಎಂದರು ಅತ್ತೆ. “ಒಡೀರಿ ಅಂದೆ, ಕೇಳಲಿಲ್ಲ. ಒಣಗದೇ ಇರ್ಲಿ ಅಂತ ಆಗಿಂದ ನೀರು ಹೊಯ್ತಿದ್ದೀನಿ.”

“ಅಮ್ಮಾ, ನೀರು ಹಾಕಿದಷ್ಟೂ ಗೋಡೆ ಗಟ್ಟಿಯಾಗುತ್ತೆ ಅಂತ ಹೇಳಿದೆನಲ್ಲ,” ಎಂದ ಮೇಸ್ತ್ರಿ.

ಸೆಕ್ರೆಟರಿ ಬೀಗದ ಕೈ ಗೊಂಚಲು ಕುಲುಕುತ್ತ ಬಂದರು. “ಟಾರ್ಚ್ ಬಿಟ್ಟು ನೋಡಿದ ಮೇಲೇನೇ ಮುಚ್ಚಿಸಿದ್ದು. ಏನೂ ಇರ್ಲಿಲ್ಲ. ನಿಮ್ಮ ಬೆಕ್ಕಿನ ಸಂಸಾರ ಬೇರೆ ಕಡೆ ಹುಡುಕಿ. ಗೋಡೆ ಮುಟ್ಟಿದ್ರೆ ಮನೆ ಖಾಲಿ ಮಾಡಿಸ್ಬೇಕಾಗುತ್ತೆ, ಈಗಲೇ ಹೇಳಿದ್ದೀನಿ.”

ಅವಳು ಗೋಡೆಗೆ ಕಿವಿಯಿಟ್ಟಳು. ಹಸಿ ಸಿಮೆಂಟು ಕೆನ್ನೆಗೆ ತಣ್ಣಗೆ ಅಂಟಿತು. ಏನೂ ಕೇಳಿಸಲಿಲ್ಲ. ಒಂದು ವೇಳೆ ಇಲ್ಲಿ ಇಲ್ಲದಿದ್ದರೆ? ತಾರಸಿಯಲ್ಲೋ ಚರಂಡಿಯಲ್ಲೋ ಇದ್ದರೆ? ಗೋಡೆಯೂ ಒಡೆದು, ಮನೆಯೂ ಹೋಗಿ, ಮರಿಗಳೂ ಸಿಗದೇ ಹೋದರೆ, ಈ ಮಂಡಿನೋವಿನ ಅತ್ತೆಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆದರೂ ಅಲ್ಲಿಂದ ಏಳಲು ಅವಳಿಗೆ ಮನಸ್ಸಾಗಲಿಲ್ಲ.

“ಎಲ್ಲರೂ ಸ್ವಲ್ಪ ಸುಮ್ನಿರಿ,” ಎಂದ ಮೇಸ್ತ್ರಿ. ನೆಲಕ್ಕೆ ಅಡ್ಡ ಬಿದ್ದು ಗೋಡೆಯ ಬುಡಕ್ಕೆ ಕಿವಿ ಹಚ್ಚಿದ. ಸೆಕ್ರೆಟರಿಯ ಬೀಗದ ಕೈಗಳೂ ನಿಂತವು. ಬಹಳ ಹೊತ್ತು ಮೇಸ್ತ್ರಿ ಕದಲಲಿಲ್ಲ. ಆಮೇಲೆ ಎದ್ದು ಸುತ್ತಿಗೆ ತೆಗೆದುಕೊಂಡ.

“ಏನ್ರೀ ಮಾಡ್ತಿದ್ದೀರಾ?” ಎಂದರು ಸೆಕ್ರೆಟರಿ.

“ಜೀವ ಇಟ್ಟು ಮುಚ್ಚಿದ ಕೈಯಲ್ಲಿ ಅನ್ನ ತಿನ್ನೋಕಾಗಲ್ಲ ಸ್ವಾಮಿ. ಗೋಡೆ ನಾಳೇನೂ ಕಟ್ಟಬಹುದು.”

ಕೆಳಸಾಲಿನ ನಾಲ್ಕು ಇಟ್ಟಿಗೆ ಬಂದವು. ಮೇಸ್ತ್ರಿಯ ತೋಳು ದಪ್ಪ, ಒಳಗೆ ತೂರಲಿಲ್ಲ. ಅವಳು ಮಲಗಿ ಭುಜದವರೆಗೆ ಕೈ ಹಾಕಿದಳು. ಧೂಳು, ಹಳೆಯ ಗೋಣಿಯ ತುಂಡು, ತುಕ್ಕು ಹಿಡಿದ ನೀರಿನ ಕೊಳವೆ. ಕೊಳವೆಯ ಹಿಂದೆ ಬೆರಳಿಗೆ ಏನೋ ಮೆತ್ತಗೆ ತಾಕಿತು. ಟಾರ್ಚಿನ ಬೆಳಕು ಬೀಳದ ಜಾಗ ಅದು. ಒಂದನ್ನು ಎಳೆದಳು, ಇನ್ನೊಂದು, ಮತ್ತೊಂದು. ಮೂರೂ ಬಾಯಿ ತೆರೆದು ಕಿರುಚಿದವು. ಅತ್ತೆ ಸೆರಗು ಒಡ್ಡಿ ಈಸಿಕೊಂಡರು.

“ಆಯ್ತಲ್ಲ, ಇನ್ನು ಮುಚ್ಚಿ,” ಎಂದರು ಸೆಕ್ರೆಟರಿ. ಅವರ ದನಿ ಮೊದಲಿನಷ್ಟು ಗಡಸಾಗಿರಲಿಲ್ಲ.

“ಇಲ್ಲ. ನಾಲ್ಕು ಇರ್ಬೇಕು.”

ಅವಳು ಮತ್ತೆ ಕೈ ಹಾಕಿದಳು. ಇಟ್ಟಿಗೆಯ ಅಂಚಿಗೆ ಭುಜ ತರಚಿತು. ಕೊಳವೆಯ ಕೊನೆಯವರೆಗೆ ತಡಕಿದಳು, ಸಿಗಲಿಲ್ಲ. ಮೇಸ್ತ್ರಿ ಇನ್ನೂ ಎರಡು ಇಟ್ಟಿಗೆ ಕಿತ್ತ. ನಾಲ್ಕನೆಯದು ಹೊಸ ಗೋಡೆಯ ಒಳಮಗ್ಗುಲಲ್ಲೇ ಇತ್ತು. ತಾಯಿ ಹೋದ ದಾರಿಯಲ್ಲೇ ತೆವಳಿ ಬಂದಿತ್ತೇನೋ. ಒಳಗೆ ಉದುರಿದ ಸಿಮೆಂಟು ಮೈಗೆಲ್ಲ ಮೆತ್ತಿತ್ತು.

ಅದಕ್ಕೆ ಇನ್ನೂ ಉಸಿರಿತ್ತು. ಅತ್ತೆ ಬೆಚ್ಚನೆ ನೀರಿನಲ್ಲಿ ಒರೆಸಿ, ಹೊಟ್ಟೆಗೆ ಅವುಚಿಕೊಂಡು, ಅಂಗೈಯಿಂದ ಉಜ್ಜುತ್ತ ಮಧ್ಯಾಹ್ನವಿಡೀ ಕುಳಿತರು. ನಾಲ್ಕು ಗಂಟೆಯ ಹೊತ್ತಿಗೆ, “ಹೋಯ್ತು ಕಣಮ್ಮ,” ಎಂದರು. ಎರಡು ದಿನದ ಮುನಿಸಿನ ನಂತರ ಸೊಸೆಯನ್ನು ‘ಅಮ್ಮ’ ಎಂದದ್ದು ಅವರಿಗೆ ಗೊತ್ತಾಗಲೇ ಇಲ್ಲ.

“ಕೊಂದವಳು ನಾನೇ ಅತ್ತೆ.”

“ಮೂರು ಉಳಿದಾವೆ. ಅಳೋದಾದ್ರೆ ಅವಕ್ಕೆ ಹಾಲು ಸಿಕ್ಕಿದ ಮೇಲೆ ಅಳು.”

ಸಂಜೆ ಬೂದು ಬೆಕ್ಕನ್ನು ಬಚ್ಚಲುಮನೆಗೆ ತಂದರು. ಇಂಜೆಕ್ಷನ್ನಿನ ಮತ್ತು ಪೂರ್ತಿ ಇಳಿದಿತ್ತು. ಮೂರು ಮರಿಗಳನ್ನು ಮುಂದಿಟ್ಟಾಗ ಅದು ಹಲ್ಲು ತೋರಿಸಿ ಬುಸುಗುಟ್ಟಿತು. ಮರಿಗಳ ಮೈಯಲ್ಲಿ ಸಿಮೆಂಟಿನ ವಾಸನೆ, ಮನುಷ್ಯರ ವಾಸನೆ. ಅವಳು ಬೋನಿನಲ್ಲಿ ಹಾಸಿದ್ದ, ತಾಯಿಯ ವಾಸನೆ ಹಿಡಿದಿದ್ದ ಬಟ್ಟೆ ತಂದು ಮರಿಗಳ ಬೆನ್ನಿಗೆ ಸವರಿ, ಹೊರಗೆ ಬಂದು ಬಾಗಿಲು ಓರೆ ಮಾಡಿದಳು. ಸಂದಿಯಲ್ಲಿ ಅತ್ತೆಯ ಒಂದು ಕಣ್ಣು, ಅವಳದೊಂದು ಕಣ್ಣು. ಮರಿಗಳು ಕುರುಡು ಕುರುಡಾಗಿ ತೆವಳಿದವು. ಬೆಕ್ಕು ಪಂಜ ಎತ್ತಿತು. ಎತ್ತಿದ ಪಂಜ ನಿಧಾನಕ್ಕೆ ಇಳಿದು ಮೊದಲ ಮರಿಯನ್ನು ಹತ್ತಿರಕ್ಕೆ ಎಳೆದುಕೊಂಡಿತು.

ಹಾಲು ಕುಡಿಸಿ ಮುಗಿದ ಮೇಲೆ ಬೆಕ್ಕು ಎದ್ದು, ಬಕೆಟ್ಟಿನ ಹಿಂದೆ, ಬಾಗಿಲ ಬುಡದಲ್ಲಿ ಮೂಸಿ ಮೂಸಿ ಕೂಗಿತು.

“ಲೆಕ್ಕ ತಪ್ಪಿದೆ ಅಂತ ಗೊತ್ತಾಗಿದೆ ಅದಕ್ಕೆ,” ಎಂದರು ಅತ್ತೆ.

ಮೂರು ಮರಿಗಳೂ ಬದುಕಿದವು. ಮನೆ ಖಾಲಿ ಮಾಡಿಸುವ ಮಾತನ್ನು ಸೆಕ್ರೆಟರಿ ಮತ್ತೆ ಎತ್ತಲಿಲ್ಲ. ಸಂದಿಯನ್ನು ಮಾತ್ರ ಮರುವಾರ, ಅವಳನ್ನೂ ಕರೆದು ತೋರಿಸಿ, ಮುಚ್ಚಿಸಿದರು. ಈಗ ಹೆಣ್ಣುಬೆಕ್ಕು ಕಂಡರೆ ಅವಳು ತಕ್ಷಣ ಬೋನು ಇಡುವುದಿಲ್ಲ. ಹೊಲಿಗೆ ಬಿಟ್ಟು ಎರಡು ದಿನ ಅದರ ಹಿಂದೆ ಓಣಿ ಓಣಿ ಸುತ್ತುತ್ತಾಳೆ, ಅದು ಎಲ್ಲಿ ನುಸುಳುತ್ತದೆ, ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ ಎಂದು ನೋಡುತ್ತಾಳೆ. ಗಿರಾಕಿಗಳು ಬೈಯುತ್ತಾರೆ. ಬೈಸಿಕೊಳ್ಳುತ್ತಾಳೆ.