ಇಲ್ಲದ ಎರಡನೇ ಟೇಪ್

ಟೇಪಮ್ಮನಿಗೆ ಆ ಹೆಸರು ಇಟ್ಟವರು ಆಸ್ಪತ್ರೆಯ ಧ್ವನಿ ಪ್ರಯೋಗಾಲಯದವರು. ಕೆಲಸದಿಂದ ನಿವೃತ್ತಳಾದರೂ ಹೆಸರು ಅವಳನ್ನು ಬಿಡಲಿಲ್ಲ. ಅವಳೂ ಅವಳ ಯಜಮಾನರೂ ಅಲ್ಲಿನ ಯೂನಿಕ್ಸ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. ಬೆಳಗಿನ ಪಾಳಿ ಅವರದು, ಮಧ್ಯಾಹ್ನದ್ದು ಇವಳದು. ಪಾಳಿ ಬದಲಾಗುವಾಗಿನ ಹರಟೆಯೇ ಮದುವೆವರೆಗೆ ಬಂದು ಮುಟ್ಟಿತು.

ಈಗ ಯಜಮಾನರಿಗೆ ಮಾತಿಲ್ಲ. ಕಾಯಿಲೆ ಗಂಟಲಿಗೇ ಬಂದು, ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಬಾಯಿ ತೆರೆದರೆ ಮುಚ್ಚದಿದ್ದ ಮನುಷ್ಯ ಕೈಸನ್ನೆಗೆ ಇಳಿದಿದ್ದರು. ಮನೆಯ ಆ ಮೌನ ಟೇಪಮ್ಮನಿಗೆ ಸಹಿಸಲಾಗುತ್ತಿರಲಿಲ್ಲ.

"ಅಪ್ಪನ ಹಳೇ ದನಿ ಸಿಕ್ಕಿದ್ರೆ ಸಾಕಮ್ಮ, ಅದೇ ದನೀಲಿ ಮಾತಾಡೋ ಯಂತ್ರ ಮಾಡ್ಕೊಡ್ತಾರಂತೆ," ಎಂದಿದ್ದಳು ಮಗಳು.

ಆ ದನಿ ಇದ್ದದ್ದು ಒಂದೇ ಕಡೆ. ಹರೆಯದಲ್ಲಿ, ಪ್ರಯೋಗಕ್ಕೆಂದು ಅವರು ಓದಿ ಧ್ವನಿಮುದ್ರಿಸಿದ ಮಾತುಗಳು ಪ್ರಯೋಗಾಲಯದ ಬ್ಯಾಕಪ್ ಟೇಪುಗಳಲ್ಲಿದ್ದವು. ಒಂದು ಟೇಪಿಗೆ ಹಿಡಿಸದೆ, ಅದು ತುಂಬಿದ ಮೇಲೆ ಇನ್ನೊಂದು ಎಂದು ಸಾಲಾಗಿ ಬರೆದದ್ದು. ಟೇಪುಗಳ ಚೀಟಿಯಲ್ಲಿ ಸೊನ್ನೆ, ಒಂದು ಎಂಬ ಅಂಕಿಗಳು ಯಜಮಾನರ ಅಕ್ಷರ. ಮೂರು, ನಾಲ್ಕು ಇವಳದು. ಏನನ್ನೇ ಆಗಲಿ ಸೊನ್ನೆಯಿಂದಲೇ ಎಣಿಸಬೇಕೆಂಬುದು ಅವರ ವಾದ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಪ್ರಯೋಗಾಲಯದ ಉಗ್ರಾಣದಲ್ಲಿ ಉಳಿದಿದ್ದ ಹಳೇ ಯಂತ್ರದ, ಟೇಪ್ ಓದುವ ಹೆಡ್ಡನ್ನು ಟೇಪಮ್ಮ ಸ್ಪಿರಿಟ್ಟಿನಲ್ಲಿ ಒರೆಸಿ ಸೊನ್ನೆ ಹಾಕಿದಳು, ಆಮೇಲೆ ಒಂದು. ಎರಡೂ ಓಡಿದವು. ಆದರೆ ಹೊರಬಂದಾಗ ಕಂದು ಪುಡಿ ಉದುರುತ್ತಿತ್ತು; ಮತ್ತೊಂದು ಓಟಕ್ಕೆ ಅವು ತಾಳುವಂತಿರಲಿಲ್ಲ. ಪರದೆ 'ಮುಂದಿನ ಟೇಪ್ ಹಾಕಿ' ಎಂದು ಕೇಳುತ್ತ ನಿಂತಿತು.

ಎರಡು ಎಲ್ಲಿ? ಬೀರು, ಮೂಲೆ, ಮೇಜಿನಡಿ ಎಲ್ಲ ಜಾಲಾಡಿದ್ದಾಯಿತು. ಎರಡನ್ನು ಬಿಟ್ಟು ಮೂರು ಹಾಕಿದರೆ ಯಂತ್ರ ಒಪ್ಪುವುದಿಲ್ಲ. ಆ ಟೇಪಿನಲ್ಲಿ ಉಳಿದಿರುವ ಒಂದೇ ಓಟವೂ ಹಾಳು. ನಿವೃತ್ತಿಯ ವಾರ ಬೀರು ಒಪ್ಪ ಮಾಡಿ ಕಸ ಹೊರಗೆ ಹಾಕಿದವಳು ತಾನೇ. ಗಂಡನ ದನಿಯನ್ನು ತನ್ನ ಕೈಯಾರೆ ಬಿಸಾಕಿದೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು. ಯಂತ್ರವನ್ನು ಹಾಗೇ ಕಾಯಲು ಬಿಟ್ಟು ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಯಜಮಾನರ ಉಸಿರಾಟದ ವ್ಯಾಯಾಮ. ಉಸಿರು ಎಳೆದು, ಬಿಟ್ಟು, ಬೆರಳಲ್ಲಿ ಲೆಕ್ಕ ತೋರಿಸಬೇಕು. ಮೊದಲ ಉಸಿರಿಗೆ ಅವರು ಮುಷ್ಟಿ ಹಿಡಿದರು. ಎರಡನೆಯದಕ್ಕೆ ಒಂದು ಬೆರಳು. ಅಷ್ಟಕ್ಕೇ ಸುಸ್ತಾಗಿ, ಮುಂದಿನದು ನೀನು ಎಣಿಸು ಎಂಬಂತೆ ಹೆಂಡತಿಯತ್ತ ಕೈ ಮಾಡಿದರು.

ಆಗಲೇ ಎರಡು ಆಯಿತಲ್ಲ ಎಂದುಕೊಂಡು ಟೇಪಮ್ಮ, "ಮೂರು," ಎಂದಳು.

ಮಗಳು ನಕ್ಕಳು. "ಸೊನ್ನೆ, ಒಂದು, ಮೂರು! ನಡುವೆ ಎರಡು ಎಲ್ಲಿ ಹೋಯ್ತಮ್ಮ?"

ಟೇಪಮ್ಮ ಇದ್ದಲ್ಲೇ ನಿಂತಳು. ಟೇಪ್ ಬರೆದ ಆ ದಿನ ತಾನು ಮಧ್ಯಾಹ್ನದ ಪಾಳಿಗೆ ಬಂದಾಗಲೂ ಯಜಮಾನರು ತುಂಬಿಸಿಟ್ಟ ಎರಡು ಟೇಪ್ ಮೇಜಿನ ಮೇಲಿದ್ದವು. ಎರಡಾಯಿತು, ತನ್ನದು ಮೂರನೆಯದು ಎಂದು ಚೀಟಿಯಲ್ಲಿ ಮೂರು ಬರೆದವಳು ತಾನೇ. ಎರಡು ಎಂಬ ಟೇಪ್ ಹುಟ್ಟಿಯೇ ಇರಲಿಲ್ಲ!

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ನಲ್ರೀ! ಏಳಿ, ಚಪ್ಪಲಿ ಹಾಕ್ಕೊಳ್ಳಿ."

ಮೂವರೂ ಪ್ರಯೋಗಾಲಯಕ್ಕೆ ಹೋದಾಗ ಯಂತ್ರ ಇನ್ನೂ ಮುಂದಿನ ಟೇಪ್ ಕೇಳುತ್ತಲೇ ಇತ್ತು. ಟೇಪಮ್ಮ ಮೂರನ್ನು ಹಾಕಿದಳು. ಯಂತ್ರ ಒಂದು ಕ್ಷಣ ಸುಮ್ಮನಿದ್ದು, ಗರಗರ ಎಂದು ಓಡತೊಡಗಿತು. ನಾಲ್ಕೂ ಮುಗಿದ ಮೇಲೆ ಮಗಳು ಧ್ವನಿಮುದ್ರಣ ಹಾಕಿದಳು. ಮೊದಲು ಒಂದು ಕೆಮ್ಮು. ಆಮೇಲೆ ಯಜಮಾನರ ತುಂಬುಕಂಠದ ದನಿ: "ಸೊನ್ನೆ, ಒಂದು, ಎರಡು..."

ಟೇಪಿನಲ್ಲೇ ಹಿಂದಿನಿಂದ ಟೇಪಮ್ಮನ ಎಳೆಯ ದನಿ ಅಡ್ಡ ಬಂತು. "ಸೊನ್ನೆನೂ ಒಂದು ಎಣಿಕೆನೇನ್ರೀ?"

"ಶುರು ಮಾಡೋಕ್ಮುಂಚೆ ಉಸಿರು ಎಳ್ಕೊಳ್ಳೋದು ಬೇಡ್ವೇನ್ರೀ? ಅದೇ ಸೊನ್ನೆ," ಎಂದು ಯಜಮಾನರ ದನಿ ಗಹಗಹಿಸಿ ನಕ್ಕಿತು.

ಆ ನಗುವನ್ನು ಕೇಳುತ್ತ ಯಜಮಾನರು ನಿಶ್ಶಬ್ದವಾಗಿ ನಗುತ್ತಿದ್ದರು, ಕಣ್ಣು ಮಾತ್ರ ತುಂಬಿ ಹರಿಯುತ್ತಿತ್ತು. ಟೇಪಮ್ಮ ಸೆರಗಿನಿಂದ ಅವರ ಮುಖ ಒರೆಸಿದಳು.

"ಇನ್ಮೇಲೆ ತಲೆ ತಿನ್ನೋಕೆ ಶುರು ಮಾಡ್ತೀರಲ್ಲ, ಮಾಡಿ."

ಯಜಮಾನರು ಮುಷ್ಟಿ ಎತ್ತಿ ತೋರಿಸಿದರು. ಅವಳು ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.