ಅಂಚಿನ ಹೆಸರು

ನನ್ನ ಗಂಡ ಯುದ್ಧದಿಂದ ಹಿಂತಿರುಗಲಿಲ್ಲ. ದೇಹವೂ ಬರಲಿಲ್ಲ, ಅಂಚೆಯಲ್ಲಿ ಒಂದು ಬೆಳ್ಳಿ ಪದಕ ಬಂತು. ಮೂವತ್ತು ವರ್ಷ ವಾರಕ್ಕೊಮ್ಮೆ ಅದಕ್ಕೆ ಬೂದಿ ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜಿದೆ. ಆಗ ನನಗೆ ಓದು ಬರುತ್ತಿರಲಿಲ್ಲ.

ಮೊನ್ನೆ ಗಡಿಯಾರ ರಿಪೇರಿಯ ಮುದುಕರು ಮನೆಗೆ ಬಂದರು. ಪದಕ ಕೂಡಿಹಾಕುವುದು ಅವರ ಹುಚ್ಚು. ರಾಜರ ಭೇಟಿಯ ನೆನಪಿಗೆ ಹಂಚಿದವು, ಯುದ್ಧದವು, ಎಲ್ಲವನ್ನೂ ಪುರಭವನದಲ್ಲಿ ಪ್ರದರ್ಶನಕ್ಕೆ ಇಡುತ್ತಾರಂತೆ, ಪ್ರತಿಯೊಂದರ ಕೆಳಗೂ ಪಡೆದವರ ಹೆಸರು ಬರೆಯುತ್ತಾರಂತೆ. ನನ್ನವರ ಹೆಸರನ್ನು ನಾಲ್ಕು ಜನ ಓದಲಿ ಎಂಬ ಆಸೆಯಿಂದ ಪದಕ ತಂದುಕೊಟ್ಟೆ.

ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಚನ್ನು ಸುತ್ತಲೂ ತಿರುಗಿಸಿ ನೋಡಿದರು. "ಹೆಸರು, ನಂಬರು ಇಲ್ಲೇ ಕೆತ್ತಿರ್ತಾರಕ್ಕ. ಪೂರ್ತಿ ಸವೆದುಹೋಗಿದೆ."

"ಅಲ್ಲಿ ಏನೋ ಗೀರು ಇದ್ವು. ಕೊಳೆ ಅಂತ ಅದನ್ನೇ ಜೋರಾಗಿ ಉಜ್ತಿದ್ದೆ," ಎಂದೆ.

ಬಾಗಿಲಲ್ಲಿ ನಿಂತಿದ್ದ ನಾದಿನಿ, "ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ರಲ್ಲ ಅತ್ತಿಗೆ, ನಮ್ಮಣ್ಣನ್ನ!" ಎಂದು ನಕ್ಕಳು. ಆಮೇಲೆ ಮುಖ ತಿರುಗಿಸಿಕೊಂಡಳು.

"ಹೆಸರು ನಾನೇ ಬರ್ಕೊಡ್ತೀನಿ ಸ್ವಾಮಿ. ಈಗ ಬರುತ್ತೆ, ರಾತ್ರಿ ಶಾಲೇಲಿ ಕಲ್ತಿದೀನಿ," ಎಂದೆ.

"ಅಂಚಲ್ಲಿ ಇಲ್ಲದ ಹೆಸರು ಹಾಕೋ ಹಾಗಿಲ್ಲಕ್ಕ. ಹೆಸರಿಲ್ಲದವರ ಪೆಟ್ಟಿಗೇಲಿ ಇಡ್ತೀನಿ, ಕೊಡಿ. ಅದರಲ್ಲೇ ಎಂಬತ್ತು ಇವೆ. ಎಲ್ಲರ ಮನೇಲೂ ಉಜ್ಜಿಬಿಟ್ಟಿದ್ದಾರೆ."

ನಾನು ಪದಕ ವಾಪಸು ತೆಗೆದುಕೊಂಡೆ. ಆ ಎಂಬತ್ತರ ನಡುವೆ ಇಟ್ಟಿದ್ದರೆ, ನನ್ನ ಗಂಡನದು ಯಾವುದೆಂದು ನನಗೇ ಗುರುತು ಸಿಗುತ್ತಿರಲಿಲ್ಲ.