ನೀಲವ್ವನ ಹಿತ್ತಲಲ್ಲಿ ಅಗೆದದ್ದು

ನೀಲವ್ವನ ಎಡಗೈ ಮಣಿಕಟ್ಟಿನ ಬಳಿ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಹಿತ್ತಲ ಬಾಗಿಲು ತೆರೆದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಕೈ. ಅದನ್ನೇ ಅವಳು ಬಾಗಿಲಿಗೆ ಅಡ್ಡ ಹಿಡಿದಿದ್ದಳು.

ಆ ಕಾಲಕ್ಕೆ ನನಗೊಂದು ಹುಚ್ಚಿತ್ತು. ನೆಲದೊಳಗೆ ಲೋಹವಿದ್ದರೆ ಕೂಗುವ ಯಂತ್ರವನ್ನು ಹೆಗಲಿಗೇರಿಸಿಕೊಂಡು ಊರಿನ ಹಿತ್ತಲುಗಳಲ್ಲಿ ಹಳೆಯ ನಾಣ್ಯ, ಹಿತ್ತಾಳೆ ದೀಪ, ಎತ್ತಿನ ಗಂಟೆಗಳನ್ನು ಹುಡುಕುತ್ತಿದ್ದೆ. ಸಿಕ್ಕದ್ದೆಲ್ಲ ಮನೆಯವರಿಗೇ; ನನಗೆ ನೋಡಿದ ಸುಖ ಸಾಕಿತ್ತು. ಅವರು ಒಪ್ಪದೆ ಎಲ್ಲಿಯೂ ಕಾಲಿಟ್ಟವನಲ್ಲ. ಅಂದು ನನ್ನನ್ನು ಕರೆದೊಯ್ದವನು ನೀಲವ್ವನ ಮೈದುನ ವಿರೂಪಾಕ್ಷಿ. "ವೈನಿ ಹೂಂ ಅಂದಾಳ್ರಿ" ಎಂದಿದ್ದ.

"ನಾ ಯಾವಾಗ ಅಂದೆ?" ಎಂದಳು ನೀಲವ್ವ.

"ಹಂಗಾದ್ರ ಅವ್ವನ ಬಂಗಾರದ ಪುತಳಿ ಸರ ಎಲ್ಲೈತಿ ಹೇಳು. ಅಣ್ಣ ಸತ್ತ ಮ್ಯಾಲೆ ನೀನ ಹುಗದೀದಿ."

ನಾನು ಹಿಂದಿರುಗಲು ನೋಡಿದೆ. ವಿರೂಪಾಕ್ಷಿ ನನ್ನ ಕೈಯಿಂದ ಯಂತ್ರ, ಸಲಿಕೆ ಎರಡನ್ನೂ ಕಿತ್ತುಕೊಂಡು, ಅತ್ತಿಗೆಯನ್ನು ತಳ್ಳಿ ಒಳನುಗ್ಗಿದ. ಕರಿಬೇವಿನ ಗಿಡದ ಬುಡದಲ್ಲಿ ಅದು ಒಂದೇ ಸಮನೆ ಕೂಗತೊಡಗಿತು. ನೀಲವ್ವ ಓಡಿಹೋಗಿ ಆ ನೆಲದ ಮೇಲೆಯೇ ಕುಳಿತುಬಿಟ್ಟಳು.

"ಇಲ್ಲಿ ಅಗೀಬ್ಯಾಡ. ನಿನ್ನ ಕಾಲು ಬೀಳ್ತೀನಿ, ಇದೊಂದು ಜಾಗ ಬಿಡು."

ಅಷ್ಟು ಸಾಕಾಯಿತು ಅವನಿಗೆ. ಕೂದಲು ಹಿಡಿದೆಳೆದು ಅವಳನ್ನು ಗೋಡೆಗೆ ಅಪ್ಪಳಿಸಿದ. ಬಿಡಿಸಲು ಹೋದ ನನ್ನ ಹಣೆಗೆ ಸಲಿಕೆಯ ಕಾವು ಬಿತ್ತು. ಕಣ್ಣಿಗೆ ರಕ್ತ ಇಳಿದು ನಾನು ಕುಸಿದೆ. ಅವನು ಗಿಡದ ಬೇರುಗಳನ್ನು ಕೊಚ್ಚುತ್ತ, ಏದುಸಿರು ಬಿಡುತ್ತ ಅಗೆದೇ ಅಗೆದ.

ಕೊಳೆತ ಗೋಣಿಯ ಚೂರಿನೊಳಗಿಂದ ಬಂದದ್ದು ಒಂದು ಕೊಡಲಿ. ಕಾವು ಮಣ್ಣಾಗಿತ್ತು, ತುಕ್ಕು ಹಿಡಿದ ಅಲಗು ಮಾತ್ರ ಉಳಿದಿತ್ತು.

"ಯಾರನ್ನ ಕಡದ್ರಿ ಇದರಿಂದ? ಬಂಗಾರ ಎಲ್ಲಿ?" ಅಲಗನ್ನು ಮುಷ್ಟಿಯಲ್ಲಿ ಹಿಡಿದು ಅವಳತ್ತ ನಡೆದ.

ನೀಲವ್ವನ ತುಟಿ ಒಡೆದಿತ್ತು. ಅವಳು ಕದಲಲಿಲ್ಲ. "ಕಡದಿಲ್ಲ. ಕಡೀಬಾರದಂತ ಹುಗದೆ. ಸರ ಅತ್ತಿ ಔಷಧಕ್ಕ ಹೋತು. ಆಗ ಒಮ್ಮೆ ಬಂದು ನೋಡಿದ್ರ ನಿನಗೂ ಗೊತ್ತಿರ್ತಿತ್ತು. ನೀ ಬಂದಿದ್ದು ಅಕಿ ಸತ್ತ ಮ್ಯಾಲೆ. ಹೆಣದ ಕಿವಿ ಹರದು ಬೆಂಡೋಲಿ ಕಿತ್ಕೊಂಡು ಹೋದಿ. ನಿಮ್ಮಣ್ಣ ಈ ಕೊಡ್ಲಿ ಮಸದಿಟ್ಟ, ನಿನ್ನ ಕುತ್ತಿಗಿಗಂತ. ಅಂವ ಹೆಣಕ್ಕ ಹೆಗಲು ಕೊಡಾಕ ಹೋದಾಗ ನಾ ಇದನ್ನ ಇಲ್ಲಿ ಮುಚ್ಚಿಟ್ಟೆ."

"ಸುಳ್ಳ!" ಎಂದು ಕಿರುಚಿ, ಇನ್ನೂ ಕೂಗುತ್ತಿದ್ದ ಯಂತ್ರವನ್ನು ಅದೇ ಅಲಗಿನಿಂದ ಜಜ್ಜಿ ಜಜ್ಜಿ ಪುಡಿ ಮಾಡಿದ. ಅವನ ಅಂಗೈಯೂ ಸೀಳಿತು. ಕೂಗು ನಿಂತಿತು.

ನೀಲವ್ವ ಸೊಟ್ಟ ಕೈಯನ್ನು ಅವನ ಮುಖದ ಮುಂದೆ ಹಿಡಿದಳು. "ಕೊಡ್ಲಿ ಎಲ್ಲಿಟ್ಟಿ ಹೇಳು ಅಂತ ನಿಮ್ಮಣ್ಣ ಇದನ್ನ ಮುರದ. ನಾ ಹೇಳಲಿಲ್ಲ."

"ಬಾವಿಕಟ್ಟಿ ಮ್ಯಾಲೆ ಜಾರಿ ಬಿದ್ದೆ ಅಂದಿದ್ದಿ..." ಎಂದ ಅವನು.

"ಮತ್ತೇನಂತ ಹೇಳಬೇಕಿತ್ತು ನಿನಗ?"

ಅವನ ಮುಷ್ಟಿ ಸಡಿಲಿತು. "ಅದನ್ನ ಇದ್ದಲ್ಲೇ ಇಡು" ಎಂದಷ್ಟೇ ಹೇಳಿ ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ನಾನು ಹಣೆಗೆ ಟವೆಲು ಸುತ್ತಿಕೊಂಡು ಎದ್ದೆ. ಬಾಗಿಲು ದಾಟುವಾಗ ತಿರುಗಿ ನೋಡಿದೆ. ವಿರೂಪಾಕ್ಷಿ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದ್ದ. ಸಲಿಕೆ ಪಕ್ಕದಲ್ಲೇ ಬಿದ್ದಿತ್ತು. ಅವನು ಬರಿಗೈಯಿಂದಲೇ, ರಕ್ತ ಮೆತ್ತಿದ ಮಣ್ಣನ್ನು ಬೊಗಸೆ ಬೊಗಸೆಯಾಗಿ ಒಳಗಿಟ್ಟ ಅಲಗಿನ ಮೇಲೆ ಸುರಿಯುತ್ತಿದ್ದ.